ನೆರೆಗೆ ನೆರೆಯೂರಿನ ರೊಟ್ಟಿ

ಕೊಯ್ನಾ ಕಣಿವೆಯಲ್ಲಿ ಮಳೆ ಹಿಡಿಯಿತೆಂದರೆ ಜಮಖಂಡಿ ಸೀಮೆಯ ಜನ ಆಕಾಶ ನೋಡುವುದಿಲ್ಲ, ಹೊಳೆ ನೋಡುತ್ತಾರೆ. ತಮ್ಮೂರಲ್ಲಿ ಹನಿ ಬೀಳದಿದ್ದರೂ ಮಹಾರಾಷ್ಟ್ರದ ಮಳೆ ಕೃಷ್ಣೆಯ ದಂಡೆಯ ಕಬ್ಬಿನ ಗದ್ದೆಗೆ ನುಗ್ಗಬಲ್ಲದು. ಘಟಪ್ರಭೆಯವರಿಗೆ ಹಿಡಕಲ್ ಜಲಾಶಯದ ಮೇಲೆ ಕಣ್ಣು, ಮಲಪ್ರಭೆಯವರಿಗೆ ನವಿಲುತೀರ್ಥದ ಮೇಲೆ, ಭೀಮೆಯವರಿಗೆ ಉಜನಿಯ ಮೇಲೆ. 2009ರ ಸೆಪ್ಟೆಂಬರ್ ಕೊನೆಯ ಮಳೆಗೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ಮಲಪ್ರಭೆ ಬಂದಳು. ಮರುವರ್ಷ ಅಕ್ಟೋಬರ್‌ನಲ್ಲಿ ಭೀಮೆಯ ಸರದಿ.

ಹೀಗೆ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ಬಂದವರಿಗೆ ಮೊದಲ ತುತ್ತು ಎಲ್ಲಿಂದ ಬರುತ್ತದೆ? ಗಂಜಿ ಕೇಂದ್ರದಿಂದ. ಸರ್ಕಾರ ಈಚೆಗೆ ಅದನ್ನು ಕಾಳಜಿ ಕೇಂದ್ರ ಎನ್ನುತ್ತದೆ, ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಈ ಅಡುಗೆಮನೆಯ ಬೇರು ಬರಗಾಲದಲ್ಲಿದೆ. 1876–78ರ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು ಐದನೇ ಒಂದು ಪಾಲು ಜನರನ್ನು ಕಳೆದುಕೊಂಡಿತು. ಆಗ ಅಲ್ಲಲ್ಲಿ ತೆರೆದ ಗಂಜಿಮನೆಗಳು ಎಲ್ಲರ ಹೊಟ್ಟೆಗೂ ಎಟುಕಲಿಲ್ಲ. ಆ ಸಾವುನೋವಿನ ನಂತರವೇ ಬ್ರಿಟಿಷ್ ಸರ್ಕಾರ 1880ರ ದಶಕದಲ್ಲಿ ಬರಗಾಲದ ನಿಯಮಾವಳಿ ಬರೆಯಿತು. ಇಂದು 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಸಂತ್ರಸ್ತರಿಗೆ ಆಸರೆ, ಆಹಾರ, ಕುಡಿಯುವ ನೀರು, ಚಿಕಿತ್ಸೆ, ಶೌಚ ವ್ಯವಸ್ಥೆಯ ಕನಿಷ್ಠ ಮಟ್ಟ ನಿಗದಿಯಾಗಬೇಕು. ಜಿಲ್ಲಾಧಿಕಾರಿಯೇ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು.

ಶಾಲೆಯ ಒಲೆ

ಕಾಯ್ದೆ ಅನ್ನ ಬೇಯಿಸುವುದಿಲ್ಲ, ಅದಕ್ಕೆ ಒಲೆ ಬೇಕು. ಹಳ್ಳಿಗಳಲ್ಲಿ ನೂರಾರು ಜನರಿಗೆ ದಿನವೂ ಬೇಯಿಸುವ ಒಲೆ ಇರುವುದು ಸರ್ಕಾರಿ ಶಾಲೆಯಲ್ಲಿ. ಬಿಸಿಯೂಟದ ಅಕ್ಷರ ದಾಸೋಹ ಯೋಜನೆ 2002ರಲ್ಲಿ ಮೊದಲು ಬಂದದ್ದು ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ, ಬಾಗಲಕೋಟೆ ಎಂಬ ಏಳು ಜಿಲ್ಲೆಗಳಿಗೆ. ಹೆಚ್ಚಿನವು ಈ ಹೊಳೆಗಳ ಸೀಮೆಯವೇ. ದೊಡ್ಡ ಪಾತ್ರೆ, ಗ್ಯಾಸ್ ಸಿಲಿಂಡರ್, ದಾಸ್ತಾನು ಕೋಣೆ, ಇಷ್ಟು ಜನರಿಗೆ ಇಷ್ಟು ಬೇಳೆ ಎಂದು ಕಣ್ಣಳತೆಯಲ್ಲೇ ಹೇಳಬಲ್ಲ ಅಡುಗೆಯವರು ಅಲ್ಲಿ ಆಗಲೇ ಇದ್ದಾರೆ. ಎತ್ತರದ ಶಾಲೆಗೆ ಜನ ಬಂದರೆ, ಮಕ್ಕಳಿಗೆ ಹಚ್ಚುವ ಒಲೆಯೇ ಊರಿಗೆಲ್ಲ ಹತ್ತುತ್ತದೆ.

ಅಡುಗೆಯ ಪಟ್ಟಿಗೂ ಲೆಕ್ಕಾಚಾರವಿದೆ. ಮೊದಲ ದಿನ ಉಪ್ಪಿಟ್ಟು, ಚಿತ್ರಾನ್ನದಂಥ ಬೇಗ ಆಗುವ ತಿನಿಸು. ಆಮೇಲೆ ಅನ್ನ, ಸಾರು, ಪಲ್ಯ. ಜೋಳ ತಿಂದು ಬೆಳೆದವರಿಗೆ ದಿನವೂ ಅನ್ನವೆಂದರೆ ಹೊಟ್ಟೆ ತುಂಬಿದಂತಾಗದು. ಹಸುಗೂಸಿಗೆ ಹಾಲು ಬೇಕು, ಸಕ್ಕರೆ ಕಾಯಿಲೆಯವರಿಗೆ ಹೊತ್ತಿಗೆ ಸರಿಯಾಗಿ ಊಟ ಬೇಕು. ಬಾಣಂತಿಗೆ ಪಂಕ್ತಿಯಲ್ಲಿ ಕಾಯಲು ಆಗದು. ಇವರ ಹೆಸರು ಬಲ್ಲವರು ಅಂಗನವಾಡಿ ಕಾರ್ಯಕರ್ತೆ ಮತ್ತು ಆಶಾ ಕಾರ್ಯಕರ್ತೆ. ಅವರ ಪುಸ್ತಕದಲ್ಲಿ ಬಸುರಿ, ಬಾಣಂತಿ, ಕೂಸುಗಳ ವಿವರ ಮನೆಮನೆಯ ಲೆಕ್ಕದಲ್ಲಿ ಇರುತ್ತದೆ.

ಇನ್ನು ದನಕರು. ‘ಎಮ್ಮಿ ಬಿಟ್ಟು ನಾ ಬರಾಂಗಿಲ್ರಿ’ ಎಂದು ನೀರು ಹೊಸ್ತಿಲಿಗೆ ಬಂದರೂ ಕೂತವರನ್ನು ಎಬ್ಬಿಸುವುದು ಅಧಿಕಾರಿಯ ಗದರಿಕೆಯಲ್ಲ, ಮೇವು. ಕೇಂದ್ರದ ಪಕ್ಕದಲ್ಲೇ ಕಟ್ಟಲು ಜಾಗ, ಒಂದು ಗಾಡಿ ಕಣಿಕಿ ಇದ್ದರೆ ಮನೆಯವರೆಲ್ಲ ಎದ್ದು ಬರುತ್ತಾರೆ. ಮೇವಿನ ಏರ್ಪಾಟನ್ನು ಮರೆತ ಗಂಜಿ ಕೇಂದ್ರ ಅರ್ಧ ಖಾಲಿ ಇರುತ್ತದೆ.

ಟ್ರ್ಯಾಕ್ಟರ್ ತುಂಬ ರೊಟ್ಟಿ

ಸರ್ಕಾರದ ಒಲೆ ಹತ್ತುವ ಮೊದಲೇ ಪಕ್ಕದೂರಿನ ಒಲೆ ಹತ್ತಿರುತ್ತದೆ. ಈ ಸೀಮೆಯ ದೊಡ್ಡ ಬಲ ಖಡಕ್ ರೊಟ್ಟಿ. ಒಣಗಿಸಿದ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಚೀಲದಲ್ಲಿ ತುಂಬಿ ದೋಣಿಗೂ ಏರಿಸಬಹುದು, ತಿನ್ನಲು ಬೆಂಕಿ ಬೇಡ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ನೆರೆ ಬಂದಾಗ ನೀರು ಮುಟ್ಟದ ಊರುಗಳಲ್ಲಿ ಓಣಿಗೆ ಓಣಿಯೇ ರೊಟ್ಟಿ ಬಡಿಯಲು ಕೂರುತ್ತದೆ. ಮನೆಗೆ ಇಷ್ಟು ಎಂದು ಗೊತ್ತುಮಾಡಿ ಗುಡಿಯಲ್ಲೋ ಮಠದಲ್ಲೋ ಕೂಡಿಸಿ ಟ್ರ್ಯಾಕ್ಟರಿಗೆ ಹೇರುತ್ತಾರೆ.

ಇದು ಜಾತ್ರೆಯಲ್ಲಿ ಪಳಗಿದ ಕೈ. ಕೊಪ್ಪಳದ ಗವಿಸಿದ್ಧೇಶ್ವರ ಮಠದ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲ ಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಟ್ರ್ಯಾಕ್ಟರುಗಳಲ್ಲಿ ಬರುತ್ತದೆ. ಗದಗ ಜಿಲ್ಲೆಯ ಡಂಬಳದ ಮಠದಲ್ಲಿ ನಡೆಯುವುದು ರೊಟ್ಟಿ ಜಾತ್ರೆಯೇ. ಅಲ್ಲಿ ಜಾತಿಭೇದವಿಲ್ಲದೆ ರೊಟ್ಟಿ ಮತ್ತು ಕರಿಂಡಿ ಪ್ರಸಾದವಾಗಿ ಕೈಸೇರುತ್ತದೆ. ಯಾವ ಊರು ಎಷ್ಟು ತರಬೇಕು, ಎಲ್ಲಿ ಇಳಿಸಬೇಕು, ಯಾರು ಬಡಿಸಬೇಕು ಎಂಬ ವ್ಯವಸ್ಥೆಯನ್ನು ಹಳ್ಳಿಗಳು ವರ್ಷವರ್ಷ ಜಾತ್ರೆಯ ನೆಪದಲ್ಲಿ ನಡೆಸುತ್ತಲೇ ಇವೆ. ನೆರೆಯಲ್ಲಿ ಬದಲಾಗುವುದು ರೊಟ್ಟಿ ಮುಟ್ಟಬೇಕಾದ ಊರು ಮಾತ್ರ.

ಹಂಚಿಕೆಯ ಕಗ್ಗಂಟು

ದೊಡ್ಡ ನೆರೆಯಲ್ಲಿ ಅನ್ನದ ಕೊರತೆಗಿಂತ ಹೆಚ್ಚಾಗಿ ಕಾಡುವುದು ಸುದ್ದಿಯ ಕೊರತೆ. ದೂರದ ನಗರದಿಂದ ಹೊರಟ ಲಾರಿಗಳು ಹೆದ್ದಾರಿಗೆ ಹತ್ತಿರದ ಊರಲ್ಲೇ ನಿಲ್ಲುತ್ತವೆ. ಅಲ್ಲಿ ಬ್ರೆಡ್ಡು, ಬಿಸ್ಕೆಟ್ಟು, ಬಾಳೆಹಣ್ಣು ರಾಶಿ ಬೀಳುತ್ತವೆ. ಸೇತುವೆ ಮುಳುಗಿದ ಆಚೆ ದಂಡೆಯ ಊರಿಗೆ ಕುಡಿಯುವ ನೀರೂ ಹೋಗಿರುವುದಿಲ್ಲ. ಕಟ್ಟಿ ಕಳಿಸಿದ ಪಲಾವು ದಾರಿಯಲ್ಲೇ ಹಳಸುತ್ತದೆ. ಗದ್ದಲದಲ್ಲಿ ಮುನ್ನುಗ್ಗಬಲ್ಲ ಗಂಡಾಳಿಗೆ ಎರಡು ಕಿಟ್ ಸಿಕ್ಕರೆ ಒಂಟಿ ಮುದುಕಿಗೆ ಒಂದೂ ಇಲ್ಲ. ಊರಿನ ಅಂಚಿನ ಕೇರಿಯವರು, ಕಬ್ಬು ಕಡಿಯಲು ಬಂದ ಹೊರಗಿನ ಕೂಲಿಗಳು ಪಟ್ಟಿಯಲ್ಲೇ ಇರುವುದಿಲ್ಲ.

ಚೆನ್ನಾಗಿ ನಡೆಯುವ ಕೇಂದ್ರದ ಗುಟ್ಟು ಇಲ್ಲಿದೆ. ಅಡುಗೆಯ ರುಚಿಗಿಂತ ಮೊದಲು ಅಲ್ಲೊಂದು ವಹಿ ಇರುತ್ತದೆ. ಗ್ರಾಮ ಆಡಳಿತಾಧಿಕಾರಿ, ಪಿಡಿಒ, ಶಾಲೆಯ ಮೇಷ್ಟ್ರು, ಸ್ತ್ರೀಶಕ್ತಿ ಸಂಘದವರು ಸೇರಿ ಎಷ್ಟು ಮನೆ ಬಂದಿವೆ, ಯಾರು ಹೊಲದ ಗುಡಿಸಲಲ್ಲೇ ಉಳಿದಿದ್ದಾರೆ, ನಾಳೆ ಏನು ಮುಗಿಯುತ್ತದೆ ಎಂದು ಸಂಜೆಯೊಳಗೆ ಬರೆದಿಡುತ್ತಾರೆ. ಹೊರಗಿನ ನೆರವು ಒಂದೇ ಬಾಗಿಲಿಂದ ಒಳಬರುತ್ತದೆ. ಸಾಮಾನು ಒಬ್ಬರು ಇಳಿಸಿಕೊಂಡರೆ ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಸಾಲದ್ದನ್ನು ಮಾತ್ರ ತಾಲ್ಲೂಕಿಗೆ ಕೇಳುತ್ತಾರೆ.

ಮನೆಗೆ ಮರಳಿದ ಮೇಲಿನ ಹಸಿವು ಇನ್ನೊಂದು ಬಗೆಯದು. ಹಗೇವು, ಕಣಜಕ್ಕೆ ನೀರು ಹೊಕ್ಕು ಜೋಳ ಮೊಳೆತಿರುತ್ತದೆ, ಬೀಸುವ ಗಿರಣಿ ಕೆಸರಲ್ಲಿ ಹೂತಿರುತ್ತದೆ. 2019ರಲ್ಲಿ ಸರ್ಕಾರ ಮನೆಗೆ ನೀರು ನುಗ್ಗಿದ ಕುಟುಂಬಕ್ಕೆ ತುರ್ತು ನೆರವಾಗಿ 10,000 ರೂಪಾಯಿ ಕೊಟ್ಟಿತು. ಆದರೂ ಒಲೆ ಮತ್ತೆ ಹತ್ತಲು ಅಕ್ಕಿ, ಬೇಳೆ, ಎಣ್ಣೆಯ ಜೊತೆಗೆ ಪಾತ್ರೆಪಡಗ, ಒಣ ಸೌದೆ ಅಥವಾ ಸಿಲಿಂಡರ್ ಬೇಕು. ರೇಷನ್ ಕಾರ್ಡನ್ನು ರಾಜ್ಯದ ಬೇರೆ ನ್ಯಾಯಬೆಲೆ ಅಂಗಡಿಯಲ್ಲೂ ಬಳಸಬಹುದಾದ್ದರಿಂದ, ತಮ್ಮೂರ ಅಂಗಡಿ ಮುಳುಗಿದವರಿಗೆ ಈಗ ಒಂದು ದಾರಿ ಇದೆ.

ಹೀಗಾಗಿ ಗಂಜಿ ಕೇಂದ್ರದ ತಯಾರಿ ಆಗಸ್ಟ್‌ನ ಕೆಲಸವಲ್ಲ, ಮೇ ತಿಂಗಳದ್ದು. ಗ್ರಾಮಸಭೆಯಲ್ಲಿ ಎತ್ತರದ ಶಾಲೆ ಯಾವುದು, ಕೀಲಿ ಯಾರ ಹತ್ತಿರ, ದೋಣಿ ಯಾರದ್ದು, ಮೇವು ಯಾವ ಊರಿನದು, ರೊಟ್ಟಿ ಯಾವ ಓಣಿಯದು ಎಂದು ಬರೆದುಕೊಂಡರೆ ಅರ್ಧ ಕೆಲಸ ಮುಗಿಯಿತು. ದೂರದ ಊರಿನವರೂ ಲಾರಿ ತುಂಬಿಸುವ ಮೊದಲು ಒಂದು ಫೋನು ಮಾಡಿ ಏನು ಬೇಕೆಂದು ಕೇಳಲಿ. ಅನೇಕ ಸಲ ಬರುವ ಉತ್ತರ ಬಟ್ಟೆಯೂ ಅಲ್ಲ, ಬ್ರೆಡ್ಡೂ ಅಲ್ಲ: ‘ಎರಡು ಗಾಡಿ ಮೇವು ಕಳಿಸ್ರಿ, ಮತ್ತ ಕುಡಿಯೋ ನೀರು.’