ನ್ಯಾಯಪೀಠದ ಮುಂದೆ ಬಾಯಿಬಿಟ್ಟ ಹಳ್ಳಿ

ಫ್ರಾನ್ಸ್ ದೇಶದ ದಕ್ಷಿಣದ ಎಲ್ಲೆಯಲ್ಲಿ, ಸ್ಪೇನಿನ ಕಡೆಗೆ ಅಡ್ಡಗೋಡೆಯಂತೆ ಎದ್ದುನಿಂತ ಪಿರನೀಸ್ ಪರ್ವತಗಳ ಉತ್ತರದ ಮಗ್ಗುಲಲ್ಲಿ, ಏರ್ಸ್ ಎಂಬ ಚಿಕ್ಕ ನದಿಯ ಮೇಲ್ಗಣಿವೆಯನ್ನು ನೋಡುತ್ತ ಮೊಂತಾಯೂ ಎಂಬ ಹಳ್ಳಿಯೊಂದು ಕುಳಿತಿದೆ. ಸಮುದ್ರಮಟ್ಟದಿಂದ ಸುಮಾರು 1300 ಮೀಟರ್ ಎತ್ತರ. ಚಳಿಗಾಲ ಬಂತೆಂದರೆ ಹಿಮ. ಹಿಮ ಕರಗಿದ ಮೇಲೆ ಸುತ್ತಲೂ ಹಸುರು ಹುಲ್ಲುಗಾವಲು. ಊರಿನ ನೆತ್ತಿಯ ಮೇಲೆ ಹಾಳುಬಿದ್ದ ಕೋಟೆಯ ಗೋಡೆಗಳುಂಟು. ಸ್ವಲ್ಪ ದೂರದಲ್ಲಿ ಕಾರ್ನೆಸ್ ಮಾತೆಯ ಹಳೆಯ ದೇವಾಲಯವೂ ಅದರ ಬಳಿ ಸ್ಮಶಾನವೂ ಇವೆ. ಊರಿನಲ್ಲಿ ಇಂದು ನೆಲೆಸಿರುವವರ ಸಂಖ್ಯೆ ಐವತ್ತನ್ನೂ ಮುಟ್ಟದು. ಅರಮನೆಗಳನ್ನೂ ಚಿತ್ರಶಾಲೆಗಳನ್ನೂ ಅರಸಿ ಫ್ರಾನ್ಸಿಗೆ ಹೋಗುವ ಪ್ರವಾಸಿಗೆ ಇಲ್ಲಿ ನೋಡತಕ್ಕದ್ದು ಏನೂ ಇಲ್ಲವೆಂದೇ ಹೇಳಬೇಕು.

ಆದರೆ ಏಳುನೂರು ವರ್ಷಗಳ ಹಿಂದೆ ಈ ಊರಿನ ಹೆಂಗಸರು ಬಿಸಿಲಿಗೆ ಕುಳಿತು ಏನು ಹರಟಿದರು, ಯಾರು ಯಾರಿಗೆ ಒಂದು ಚೀಲ ಹಿಟ್ಟನ್ನು ಗುಟ್ಟಾಗಿ ಕಳುಹಿಸಿದರು, ಕುರುಬನೊಬ್ಬನು ತನ್ನ ಹಣೆಬರಹದ ವಿಷಯದಲ್ಲಿ ಏನು ಭಾವಿಸಿದ್ದನು ಎಂಬುದೆಲ್ಲ ಇಂದಿಗೂ ತಿಳಿದಿದೆ. ಆ ಕಾಲದ ಎಷ್ಟೋ ಮಂದಿ ಅರಸುಮಕ್ಕಳ ಬಗೆಗೆ ಕೂಡ ಇಷ್ಟು ನಿಕಟವಾದ ಮಾಹಿತಿ ದೊರೆಯದು. ಈ ಭಾಗ್ಯವನ್ನು—ಭಾಗ್ಯವೆಂಬ ಮಾತು ಇಲ್ಲಿ ಸಲ್ಲುವುದಾದರೆ—ಹಳ್ಳಿಗೆ ದೊರಕಿಸಿಕೊಟ್ಟವನು ಅದರ ಹಿತೈಷಿಯಲ್ಲ. ಅದನ್ನು ವಿಚಾರಣೆಗೆ ಎಳೆದ ಒಬ್ಬ ಬಿಷಪ್.

ಒಲೆಯ ಸುತ್ತ

ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಮೊಂತಾಯೂವಿನಲ್ಲಿ ಸುಮಾರು 200ರಿಂದ 250 ಜನರಿದ್ದರು. ಊರು ಆಗ ಈಗಿನದಕ್ಕಿಂತ ಮೇಲೆ, ಕೋಟೆಯ ಕಾಲಬುಡದಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಹಬ್ಬಿತ್ತು. ಗೋಧಿ, ಓಟ್ಸ್, ಟರ್ನಿಪ್ ಗೆಡ್ಡೆ ಇವು ಬೆಳೆ, ಕುರಿಯೇ ಸಂಪತ್ತು. ದ್ರಾಕ್ಷಿ ಆ ಚಳಿಗೆ ಒಗ್ಗದಾದ್ದರಿಂದ ಮದ್ಯವನ್ನು ಕೆಳನಾಡಿನಿಂದ ತರಿಸಬೇಕಾಗಿತ್ತು.

ಈ ಜನರಿಗೆ ರಾಜ್ಯ, ದೇಶ ಎಂಬ ಮಾತುಗಳಿಗಿಂತ ದೊಡ್ಡದಾಗಿದ್ದುದು ಒಂದೇ ಮಾತು—'ಓಸ್ತಾಲ್', ಎಂದರೆ ಮನೆ. ಮನೆಯೆಂದರೆ ಗೋಡೆ ಸೂರು ಮಾತ್ರವಲ್ಲ. ಒಲೆ, ಒಲೆಯ ಸುತ್ತ ಕುಳಿತವರು, ಅವರ ಹಿರಿಯರು, ಹೊಲ, ಕುರಿ, ಮನೆತನದ ಅದೃಷ್ಟ ಎಲ್ಲವೂ ಸೇರಿದ್ದು. ಅಡಿಗೆಮನೆಯೇ ಮನೆಯ ಹೃದಯ. ಕ್ಲೆರ್ಗ್ ಎಂಬ ಶ್ರೀಮಂತ ಮನೆತನದ ಯಜಮಾನ ಪೋನ್ಸ್ ತೀರಿಕೊಂಡಾಗ ಅವನ ಕೂದಲನ್ನೂ ಉಗುರಿನ ತುಣುಕುಗಳನ್ನೂ ಕತ್ತರಿಸಿ ಮನೆಯಲ್ಲಿ ಇರಿಸಿಕೊಂಡರು. ಯಜಮಾನನೊಂದಿಗೆ ಮನೆಯ ಅದೃಷ್ಟವೂ ಹೊರಟುಹೋಗದಿರಲಿ ಎಂಬುದೇ ಅದರ ಉದ್ದೇಶ.

ಹೇನು ತೆಗೆಯುವುದು ಆ ಊರಿನಲ್ಲಿ ಒಂದು ಸಾಮಾಜಿಕ ಕಾರ್ಯವೇ ಆಗಿತ್ತೆಂದರೆ ವಾಚಕರು ನಗಬಾರದು. ಬಾಗಿಲ ಬಳಿಯೋ ತಗ್ಗಾದ ಮಾಡಿನ ಮೇಲೋ ಬಿಸಿಲು ಕಾಯುತ್ತ ಮಗಳು ತಾಯಿಯ ತಲೆಯನ್ನು ನೋಡುವಳು. ಪಕ್ಕದ ಮಾಡಿನಲ್ಲಿ ನೆರೆಮನೆಯವಳು ತನ್ನ ಮಗಳ ಮುಂದೆ ಕುಳಿತಿರುವಳು. ಊರಿನ ಸುದ್ದಿಯೆಲ್ಲ ಅಲ್ಲಿಂದಲ್ಲಿಗೆ ದಾಟುವುದು. ಪ್ರಾಣಕ್ಕೇ ಎರವಾಗಬಲ್ಲ ಸುದ್ದಿಗಳು ಕೂಡ ಆ ಹೊತ್ತಿನಲ್ಲಿಯೇ ಬಾಯಿಂದ ಬಾಯಿಗೆ ಹೋದವು.

ಏನು ಆ ಸುದ್ದಿ? ಊರಿನ ಬಹುಪಾಲು ಮನೆಗಳು ರಹಸ್ಯವಾಗಿ ಕಥಾರ್ ಮತವನ್ನು ನಂಬಿದ್ದವು. ಒಳ್ಳೆಯ ದೇವರು ಆತ್ಮಗಳ ಒಡೆಯನು, ಕಣ್ಣಿಗೆ ಕಾಣುವ ಈ ಜಗತ್ತು ಕೆಡುಕಿನ ಶಕ್ತಿಯ ಸೃಷ್ಟಿ, ಆತ್ಮವು ಶುದ್ಧಿ ಪಡೆಯುವವರೆಗೆ ಮನುಷ್ಯರ ಮತ್ತು ಪ್ರಾಣಿಗಳ ದೇಹಗಳಲ್ಲಿ ಅಲೆಯಬೇಕು ಎಂಬುದು ಅವರ ಬೋಧೆ. ಅವರ ಗುರುಗಳನ್ನು 'ಸಜ್ಜನರು' ಎಂದು ಕರೆಯುತ್ತಿದ್ದರು. ಸಜ್ಜನರು ಮಾಂಸ, ಮೊಟ್ಟೆ, ಹಾಲು ಮುಟ್ಟರು, ಪ್ರಾಣಿವಧೆ ಮಾಡರು, ಆದರೆ ಮೀನು ಮಾತ್ರ ತಿನ್ನಬಹುದಾಗಿತ್ತು. ಕುದುರೆಯ ಜನ್ಮದಲ್ಲಿದ್ದಾಗ ಎರಡು ಬಂಡೆಗಳ ನಡುವೆ ಲಾಳವನ್ನು ಕಳೆದುಕೊಂಡ ಆತ್ಮವೊಂದು, ಮುಂದೆ ಮನುಷ್ಯನಾಗಿ ಹುಟ್ಟಿ, ಅದೇ ದಾರಿಯಲ್ಲಿ ನಡೆಯುವಾಗ ನೆನಪಾಗಿ ಆ ಲಾಳವನ್ನು ಹುಡುಕಿ ತೆಗೆಯಿತೆಂಬ ಕಥೆಯನ್ನು ಅವರು ಚಳಿಗಾಲದ ರಾತ್ರಿಗಳಲ್ಲಿ ಹೇಳುತ್ತಿದ್ದರು. ನಮಗೆ ಇದು ಚಿರಪರಿಚಿತವೆನಿಸುವುದು ಸಹಜ. ಆದರೆ ಆ ಮತಕ್ಕೂ ಭಾರತಕ್ಕೂ ನಂಟು ಕಲ್ಪಿಸಲು ಆಧಾರ ಸಾಲದು.

ರೋಮಿನ ಧರ್ಮಪೀಠಕ್ಕೆ ಇದು ಘೋರ ಪಾಷಂಡ. 1244ರಲ್ಲಿ ಮೊಂಸೆಗ್ಯೂರ್ ಎಂಬ ಬೆಟ್ಟದ ಕೋಟೆ ಬಿದ್ದಾಗ ಇನ್ನೂರಕ್ಕೂ ಹೆಚ್ಚು ಮಂದಿ ಕಥಾರರನ್ನು ಅದರ ಬುಡದಲ್ಲಿ ಜೀವಂತ ಸುಟ್ಟಿದ್ದರು. ಅಲ್ಲಿಗೆ ಮತ ಅಳಿಯಿತೆಂದು ಎಲ್ಲರೂ ಬಗೆದರು. ಆದರೆ 1300ರ ಸುಮಾರಿಗೆ ಆಕ್ಸ್ ಪಟ್ಟಣದ ಪಿಯೆರ್ ಓತಿಯೆ ಎಂಬ ದಸ್ತಾವೇಜು ಬರೆಯುವ ನೋಟರಿ ತನ್ನ ತಮ್ಮನೊಡನೆ ಇಟಲಿಯಲ್ಲಿ ದೀಕ್ಷೆ ಪಡೆದು ಹಿಂದಿರುಗಿ, ಕತ್ತಲಲ್ಲಿ ಮನೆಯಿಂದ ಮನೆಗೆ ನಡೆದು, ಆರಿದ ಬೂದಿಯಲ್ಲಿ ಮತ್ತೆ ಕಿಡಿ ಎಬ್ಬಿಸಿದನು. 1310ರಲ್ಲಿ ತುಲೂಸ್ ನಗರದಲ್ಲಿ ಅವನನ್ನೂ ಸುಟ್ಟರು.

ಸಾಯುವ ಕಾಲದಲ್ಲಿ ಸಜ್ಜನರ ಕೈಯಿಂದ 'ಸಾಂತ್ವನ' ಎಂಬ ಸಂಸ್ಕಾರ ಪಡೆದವನು ಮತ್ತೆ ಆಹಾರ ಮುಟ್ಟದೆ ದೇಹ ಬಿಡುವುದು ಶ್ರೇಷ್ಠವೆಂದು ಈ ಭಕ್ತರು ತಿಳಿದಿದ್ದರು. ಮೊಂತಾಯೂವಿನ ಕುರುಬನೊಬ್ಬನು ದುಡಿಯುತ್ತಿದ್ದ ಆರ್ಕ್ ಎಂಬ ಊರಿನ ಮನೆಯಲ್ಲಿ ವರ್ಷ ತುಂಬದ ಹೆಣ್ಣುಕೂಸು ಕಾಯಿಲೆ ಬಿದ್ದಿತು. ತಂದೆಯ ಅಪೇಕ್ಷೆಯಂತೆ ಕೂಸಿಗೆ ಆ ಸಂಸ್ಕಾರವಾಯಿತು. ಇನ್ನು ಹಾಲು ಕೊಡಕೂಡದೆಂದು ವಿಧಿಸಿ ಗಂಡಸರು ಹೊರಗೆ ಹೋದರು. ತಾಯಿ ಸಿಬಿಲ್ ತಡೆಯಲಾರದೆ ಮಗುವನ್ನು ಎದೆಗೆ ತೆಗೆದುಕೊಂಡಳು. ಹಿಂದಿರುಗಿದ ಗಂಡನಿಗೆ ವಿಷಯ ತಿಳಿಯಿತು. ಬಹುಕಾಲ ಅವನು ಹೆಂಡತಿಯನ್ನೂ ಮಗುವನ್ನೂ ಪ್ರೀತಿಯಿಂದ ನೋಡಲಿಲ್ಲ. ಇಷ್ಟನ್ನೂ ಆ ತಾಯಿಯೇ ಮುಂದೆ ವಿಚಾರಕರ ಎದುರು ಹೇಳಿದಳು.

ಎರಡು ದೋಣಿಯ ಪಾದ್ರಿ

ಊರಿನ ನಿಜವಾದ ದೊರೆ ಕೋಟೆಯಲ್ಲಿರಲಿಲ್ಲ, ಕ್ಲೆರ್ಗ್ ಮನೆಯಲ್ಲಿದ್ದನು. ಅಣ್ಣತಮ್ಮಂದಿರಲ್ಲಿ ಬೆರ್ನಾರ್ ಎಂಬವನು ಕಂದಾಯ ವಸೂಲಿಯ ಅಧಿಕಾರಿ. ಪಿಯೆರ್ ಎಂಬವನು ಊರ ಪಾದ್ರಿ. ಪಾದ್ರಿಯ ನಿಲುವಂಗಿಯೊಳಗೆ ಇದ್ದುದು ಕಥಾರರ ಭಕ್ತ. ಅವನು ಪೂಜೆ ನಡೆಸುವನು, ಕಾಣಿಕೆಯ ದಶಮಾಂಶ ಎತ್ತುವನು, ಸಜ್ಜನರನ್ನೂ ಬಚ್ಚಿಡುವನು. ಜತೆಗೆ ಕಾರ್ಕಾಸೊನ್ ನಗರದ ವಿಚಾರಣಾಧಿಕಾರಿಗಳಿಗೆ ಬೇಕಾದವನಾಗಿಯೂ ಇದ್ದನು. ತನಗೆ ಬಗ್ಗದವರನ್ನು ಪಾಷಂಡಿಗಳೆಂದು ತೋರಿಸಿಕೊಡುವ ಅಧಿಕಾರ ಹೀಗೆ ಅವನ ಕೈಗೆ ಬಂದಿತು.

1308ರ ಸೆಪ್ಟೆಂಬರಿನಲ್ಲಿ ಕಾರ್ಕಾಸೊನಿನ ಭಟರು ಹಳ್ಳಿಯನ್ನು ಸುತ್ತುಗಟ್ಟಿ ವಯಸ್ಸಿಗೆ ಬಂದವರನ್ನೆಲ್ಲ ಹಿಡಿದರು. ಕೆಲವರು ಸೆರೆಯಲ್ಲಿ ಉಳಿದರು. ಕೆಲವರು ಬಟ್ಟೆಯ ಮೇಲೆ ಹಳದಿಯ ಶಿಲುಬೆ ಹೊಲಿಸಿಕೊಂಡು, ನೋಡಿದವರು ಹೀಗಳೆಯುವಂತಾಗಿ, ಊರಿಗೆ ಹಿಂದಿರುಗಿದರು. ಕ್ಲೆರ್ಗರ ಬಲ ಮಾತ್ರ ಇದರಿಂದ ಹೆಚ್ಚಿತೇ ಹೊರತು ತಗ್ಗಲಿಲ್ಲ. ಮೌರ್ಸ್ ಮನೆತನದ ಮೆಂಗಾರ್ದ್ ಎಂಬಾಕೆ ಪಾದ್ರಿಯ ಹಳೆಯ ಪಾಷಂಡದ ವಿಷಯ ಬಾಯಿಬಿಟ್ಟಳೆಂದು ಅವಳ ನಾಲಿಗೆಯನ್ನೇ ಕತ್ತರಿಸಿದರು. ಅವಳ ಮಗ ಗಿಯೋಮ್ ಕುರಿಕಾಯುತ್ತ ಪರ್ವತ ಸೇರಿ, ಕ್ಲೆರ್ಗರ ಮೇಲೆ ಸೇಡಿನ ಪಣ ತೊಟ್ಟನು.

ಬಿಷಪ್ಪನ ಪ್ರಶ್ನೆಗಳು

1317ರಲ್ಲಿ ಪಾಮಿಯೆ ಪಟ್ಟಣದ ಬಿಷಪ್ಪನಾಗಿ ಜಾಕ್ ಫೂರ್ನಿಯೆ ಬಂದನು. ಮಠದಲ್ಲಿ ಬೆಳೆದ ಪಂಡಿತ, ಲಂಚಕ್ಕೆ ಬಗ್ಗದವನು, ದಣಿವರಿಯದವನು. 1318ರಿಂದ 1325ರವರೆಗೆ ಅವನ ನ್ಯಾಯಪೀಠ 370 ದಿನ ಕಲೆತು 578 ಬಾರಿ ವಿಚಾರಣೆ ನಡೆಸಿತು. ಅವನು ಚಿತ್ರಹಿಂಸೆಯನ್ನು ಬಳಸಿದ್ದು ಅಪರೂಪ. ಅವನ ಆಯುಧ ಪ್ರಶ್ನೆ. ಯಾವ ಮನೆಯಲ್ಲಿ? ಯಾವ ಹೊತ್ತಿನಲ್ಲಿ? ಒಲೆಯ ಬಳಿ ಯಾರಿದ್ದರು? ಬಾಗಿಲು ತೆರೆದಿತ್ತೋ ಮುಚ್ಚಿತ್ತೋ? ಹಳ್ಳಿಗರು ತಮ್ಮ ಓಕ್ಸಿತಾನ್ ನುಡಿಯಲ್ಲಿ ಹೇಳಿದುದನ್ನು ಲಿಪಿಕಾರರು ಲ್ಯಾಟಿನ್ನಿನಲ್ಲಿ ಬರೆದುಕೊಂಡರು. ಬರೆದುದನ್ನು ಅವರ ನುಡಿಯಲ್ಲಿಯೇ ಮತ್ತೆ ಕೇಳಿಸಿ ಒಪ್ಪಿಗೆ ಪಡೆದರು. ಐವರನ್ನು ಈ ಪೀಠ ಸುಡುಗಂಬಕ್ಕೆ ಕಳುಹಿಸಿತು. ಅವರಲ್ಲಿ ಗಿಯೋಮ್ ಫೋರ್ ಎಂಬವನು ಮೊಂತಾಯೂವಿನವನು.

ಹಿಂದೊಮ್ಮೆ ಕೋಟೆಯ ಅಧಿಕಾರಿಯ ಪತ್ನಿಯಾಗಿದ್ದ ಬೆಯಾತ್ರೀಸ್ ದ ಪ್ಲಾನಿಸೋಲ್ 1320ರಲ್ಲಿ ಈ ಪೀಠದ ಎದುರು ನಿಂತಳು. ವಿಧವೆಯಾದ ತನ್ನನ್ನು ಪಾದ್ರಿ ಪಿಯೆರ್ ಹೇಗೆ ಒಲಿಸಿಕೊಂಡನೆಂಬುದನ್ನು ಅವಳು ಹೇಳಬೇಕಾಯಿತು. ಅವಳ ಚೀಲದಲ್ಲಿ ಒಣಗಿದ ಎರಡು ಹೊಕ್ಕುಳಬಳ್ಳಿಗಳು ಸಿಕ್ಕಿದವು. ಮಾಟದ ವಸ್ತುಗಳಲ್ಲವೇ ಎಂದು ಪೀಠ ಕೇಳಿತು. ಮೊಮ್ಮಕ್ಕಳವು, ಇಟ್ಟುಕೊಂಡರೆ ವ್ಯಾಜ್ಯದಲ್ಲಿ ಗೆಲುವಾಗುತ್ತದೆಂದು ಯಾರೋ ಹೇಳಿದರು ಎಂಬ ಅರ್ಥದ ಉತ್ತರ ಬಂದಿತು. ಸೆರೆವಾಸ ವಿಧಿಸಿ, 1322ರಲ್ಲಿ ಅವಳನ್ನು ಹಳದಿ ಶಿಲುಬೆಯೊಡನೆ ಬಿಡುಗಡೆ ಮಾಡಿದರು.

ಈ ಬಾರಿ ಪಾದ್ರಿಯೂ ತಪ್ಪಿಸಿಕೊಳ್ಳಲಿಲ್ಲ. ತಮ್ಮನನ್ನು ಬಿಡಿಸಲು ಬೆರ್ನಾರ್ ಹಣವನ್ನು ನೀರಿನಂತೆ ಚೆಲ್ಲಿದನು, ಸಾಕ್ಷಿಗಳನ್ನು ಬೆದರಿಸಿದನು, ಫೂರ್ನಿಯೆ ಕದಲಲಿಲ್ಲ. ಊರಿನವರೆಲ್ಲ ಅಷ್ಟು ಮಾತನಾಡಿರುವ ಆ ದಾಖಲೆಯಲ್ಲಿ ಪಿಯೆರ್ ಕ್ಲೆರ್ಗನ ಹೇಳಿಕೆ ಮಾತ್ರ ಇಲ್ಲ. ಅವನು ಸೆರೆಯಲ್ಲಿಯೇ ಸತ್ತನು. 1324ರಲ್ಲಿ ಬೆರ್ನಾರನೂ ಸೆರೆಯಲ್ಲಿ ಕಣ್ಮುಚ್ಚಿದನು.

ಇಡೀ ಕಥೆಯಲ್ಲಿ ಮನಸ್ಸು ನಿಲ್ಲುವುದು ಮಾತ್ರ ಪಿಯೆರ್ ಮೋರಿ ಎಂಬ ಕುರುಬನ ಮೇಲೆ. ಆರ್ಕ್ ಊರಿನಲ್ಲಿ ದುಡಿಯುತ್ತಿದ್ದ ಕುರುಬನೂ ಇವನೇ. ಬೇಸಗೆಯಲ್ಲಿ ಪಿರನೀಸಿನ ನೆತ್ತಿ, ಚಳಿಗಾಲದಲ್ಲಿ ಸ್ಪೇನಿನ ಬಯಲು—ವರ್ಷವರ್ಷವೂ ಕುರಿಯ ಹಿಂದೆ ನಡೆದವನು. ಅವನಿಗೆ ಮನೆಯಿಲ್ಲ, ಹೆಂಡತಿಯಿಲ್ಲ. ಕೈಗೆ ಬಂದುದನ್ನು ಗೆಳೆಯರಿಗೆ ಕೊಟ್ಟು ಮರೆಯುವನು. ಒಳ್ಳೆಯ ಜೋಡು ಅವನ ಒಂದೇ ಭೋಗ. ನಡೆಯುವ ಬಾಳಿಗೆ ಅದೂ ಭೋಗವಲ್ಲವೆನ್ನಬಹುದು. ಸೆರೆಸಿಕ್ಕುವ ಭಯವಿಲ್ಲವೇ ಎಂದು ಕೇಳಿದವರಿಗೆ, ತಾನು ಬದುಕಿದ ರೀತಿಯಲ್ಲದೆ ಬೇರೆ ರೀತಿಯಲ್ಲಿ ಬದುಕಲಾರೆನೆಂದೂ ವಿಧಿಯನ್ನು ಹೊರಲೇಬೇಕೆಂದೂ ಹೇಳುತ್ತಿದ್ದನು.

ಸ್ಪೇನಿನ ಕಡೆ ಅಡಗಿದ್ದ ಗಿಯೋಮ್ ಬೆಲಿಬಾಸ್ತ್ ಎಂಬ ಗುರುವಿಗೆ ಮೋರಿ ನಂಬಿಗಸ್ತ ಗೆಳೆಯ. ಅಲ್ಲಿಗೆ ಆರ್ನೋ ಸಿಕ್ರ್ ಎಂಬ ಚಮ್ಮಾರ ಬಂದು ಭಕ್ತನಂತೆ ಸೇರಿಕೊಂಡನು. ಅವನ ತಾಯಿಯನ್ನು ಪಾಷಂಡಕ್ಕಾಗಿ ಸುಟ್ಟು ಮನೆಯನ್ನು ಮುಟ್ಟುಗೋಲು ಹಾಕಿದ್ದರು. ಗುರುವೊಬ್ಬನನ್ನು ಹಿಡಿದುಕೊಟ್ಟು ಆ ಮನೆಯನ್ನು ಬಿಡಿಸಿಕೊಳ್ಳುವುದು ಅವನ ಹಂಚಿಕೆ. ಸಿರಿವಂತೆ ಸೋದರತ್ತೆಯ ಕಥೆ ಕಟ್ಟಿ ಬೆಲಿಬಾಸ್ತನನ್ನು ಮಲೆನಾಡಿಗೆ ಸೆಳೆದನು. 1321ರಲ್ಲಿ ಇಬ್ಬರೂ ಒಂದೇ ಸರಪಳಿಯಲ್ಲಿ ಸೆರೆಬಿದ್ದರು. ಈಗಲಾದರೂ ಪಶ್ಚಾತ್ತಾಪಪಟ್ಟರೆ ನಿನಗೂ ಸಂಸ್ಕಾರ ಕೊಡುವೆನು, ಇಬ್ಬರೂ ಈ ಗೋಪುರದಿಂದ ಧುಮುಕೋಣ, ಆತ್ಮಗಳು ಒಟ್ಟಿಗೆ ಮೇಲೇರಲಿ ಎಂದು ಬೆಲಿಬಾಸ್ತ್ ಕರೆದನಂತೆ. ಸಿಕ್ರ್ ಧುಮುಕಲಿಲ್ಲ. ಬೆಲಿಬಾಸ್ತ್ ಬೆಂಕಿಗೆ ಹೋದನು, ಸಿಕ್ರ್ ತಾಯಿಯ ಆಸ್ತಿಯನ್ನು ಮರಳಿ ಪಡೆದನು. ಮೋರಿಗೆ 1324ರಲ್ಲಿ ಸೆರೆವಾಸದ ಶಿಕ್ಷೆಯಾಯಿತು. ಆಮೇಲೆ ಅವನ ಹೆಸರು ಎಲ್ಲಿಯೂ ಕೇಳಿಬರುವುದಿಲ್ಲ.

ಗ್ರಂಥದ ಪಯಣ

ಫೂರ್ನಿಯೆ ಮೇಲೇರುತ್ತ ಹೋದನು. 1327ರಲ್ಲಿ ಕಾರ್ಡಿನಲ್, 1334ರಲ್ಲಿ ಹನ್ನೆರಡನೆಯ ಬೆನೆಡಿಕ್ಟ್ ಎಂಬ ಹೆಸರಿನ ಪೋಪ್. ಅವಿನ್ಯೋನ್ ನಗರದ ಪೋಪರ ಅರಮನೆಯನ್ನು ಕಟ್ಟಲು ತೊಡಗಿದವನು ಅವನೇ; 1342ರಲ್ಲಿ ತೀರಿಕೊಂಡನು. ಚರ್ಮಪತ್ರದ ಮೇಲೆ ಬರೆದ ಅವನ ವಿಚಾರಣೆಯ ದಾಖಲೆ ಪೋಪರ ಗ್ರಂಥಭಂಡಾರವನ್ನು ಸೇರಿ ಇಂದಿಗೂ ವ್ಯಾಟಿಕನ್ನಿನಲ್ಲಿದೆ. ಜಾಂ ದ್ಯುವೆರ್ನ್ವಾ ಎಂಬ ವಿದ್ವಾಂಸರು ಅದರ ಲ್ಯಾಟಿನ್ ಪಾಠವನ್ನು 1965ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಅದನ್ನು ಆಧರಿಸಿ ಎಮಾನುಯೆಲ್ ಲರ್ವಾ ಲಾದ್ಯುರಿ ಎಂಬ ಇತಿಹಾಸಕಾರರು 1975ರಲ್ಲಿ ಪ್ರಕಟಿಸಿದ 'ಮೊಂತಾಯೂ' ಎಂಬ ಗ್ರಂಥವನ್ನು ಪಂಡಿತರಷ್ಟೇ ಅಲ್ಲದೆ ಸಾಮಾನ್ಯ ಓದುಗರೂ ಕಾದಂಬರಿಯಂತೆ ಕೊಂಡು ಓದಿದರು. ಲಾದ್ಯುರಿ 2023ರಲ್ಲಿ ನಿಧನರಾದರು.

ಆಕ್ಷೇಪಗಳೂ ಬಂದವು. ಸೆರೆಮನೆಯ ಬಾಗಿಲನ್ನು ಬೆನ್ನ ಹಿಂದೆ ಇಟ್ಟುಕೊಂಡು ನುಡಿದ ಮಾತು, ಅದೂ ಬೇರೆ ಭಾಷೆಗೆ ತಿರುಗಿದ ಮೇಲೆ, ಎಷ್ಟರಮಟ್ಟಿಗೆ ಹಳ್ಳಿಗರ ಸ್ವಂತ ಮಾತು? ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಭೀತರಾದ ಜನ ಮುಚ್ಚಿಟ್ಟಿರಬಹುದು, ಹಗೆಯವರ ಮೇಲೆ ಹೊರಿಸಿರಬಹುದು. ಆದರೆ ಬಿಷಪ್ಪನಿಗೆ ಬೇಕಾಗಿದ್ದುದು ಪಾಷಂಡ. ಹೇನು, ಹಿಟ್ಟು, ಜೋಡು, ಮೊಲೆಹಾಲು ಇವು ಅವನು ಅರಸಿ ಹೋದ ವಿಷಯಗಳಲ್ಲ, ದಾರಿಯಲ್ಲಿ ಉದುರಿದವು. ಅಂಥ ಕಡೆ ಸುಳ್ಳು ಹೇಳಿ ಯಾರಿಗೂ ಲಾಭವಿರಲಿಲ್ಲ.

ಗ್ರಂಥ ಹೊರಬಂದ ಮೇಲೆ ಅದನ್ನು ಕೈಯಲ್ಲಿ ಹಿಡಿದು ಹಳ್ಳಿಗೆ ಬರುವವರು ಹುಟ್ಟಿಕೊಂಡರು. ಕ್ಲೆರ್ಗ್ ಎಂಬ ಮನೆತನದ ಹೆಸರು ಇಪ್ಪತ್ತನೆಯ ಶತಮಾನದಲ್ಲಿಯೂ ಅಲ್ಲಿ ಉಳಿದಿತ್ತು. ಕಾರ್ನೆಸ್ ಮಾತೆಯ ದೇವಾಲಯಕ್ಕೆ ಹೋದವರು ಅದರ ಪೂಜಾಪೀಠದ ಬಳಿ ಒಂದು ಕ್ಷಣ ನಿಲ್ಲುವುದುಂಟು. ಕ್ಲೆರ್ಗ್ ಸೋದರರ ತಾಯಿ, ಗುಟ್ಟಾಗಿ ಕಥಾರರನ್ನು ಸಾಕಿದಾಕೆ, ತೀರಿಕೊಂಡಾಗ ಪಾದ್ರಿಯಾದ ಮಗನು ಆಕೆಯ ದೇಹವನ್ನು ಹೂಳಿಸಿದ್ದು ಅದೇ ದೇವಾಲಯದಲ್ಲಿ, ಕನ್ಯೆ ಮೇರಿಯ ಪೀಠದ ಅಡಿಯಲ್ಲಿ.