ಕಂಪನಿ ಬಾಗಿಲು ಹಾಕಿದ್ರೆ ನಮ್ಮ ಪಗಾರದ ಗತಿ ಏನು?

ನೌಬಾದದ ಮನೆಯಲ್ಲಿ ಕೂತು ವರ್ಕ್ ಫ್ರಮ್ ಹೋಮ್ ಮಾಡ್ತಿದ್ದಾಗ ಬೆಂಗಳೂರಿನ ಆಫೀಸಿನಿಂದ ಒಂದು ಮೇಲ್ ಬಂತು: ಕಂಪನಿಯನ್ನು ಸ್ವಇಚ್ಛೆಯಿಂದ ಮುಚ್ಚುತ್ತಿದ್ದೇವೆ. ನನ್ನ ಎರಡು ತಿಂಗಳ ಪಗಾರ, ಬಳಸದೆ ಉಳಿದ ರಜೆಯ ದುಡ್ಡು ಎರಡೂ ಬಾಕಿ ಇದ್ದವು. ಪಕ್ಕದಲ್ಲಿ ಚಹಾ ಕುಡೀತಿದ್ದ ಅಪ್ಪ ಕೇಳಿದ್ರು, “ದಿವಾಳಿ ಎದ್ದದೇನಪಾ ಕಂಪನಿ? ಪಗಾರ ಬರ್ತದೋ ಇಲ್ಲೋ?”

ನನಗೆ ಉತ್ತರ ಗೊತ್ತಿರಲಿಲ್ಲ. ಅವತ್ತು ರಾತ್ರಿ ಕೂತು ಓದಿದೆ. ನಿಮಗೂ ಒಂದು ದಿನ ಬೇಕಾಗಬಹುದು, ಅದಕ್ಕೇ ಬರೀತಿದ್ದೀನಿ.

ಮೊದಲನೆಯದು, ಇದು ದಿವಾಳಿ ಅಲ್ಲ. ಕಿಂಗ್‌ಫಿಷರ್ ಏರ್‌ಲೈನ್ಸ್ ನೆನಪಿದೆಯಲ್ಲ? 2012ರ ಅಕ್ಟೋಬರ್‌ನಲ್ಲಿ ಅದರ ಹಾರಾಟ ನಿಂತಿತು. ಸಾಲ ಕೊಟ್ಟವರು ಕೋರ್ಟಿಗೆ ಹೋದರು, 2016ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಕಂಪನಿಯ ಸಮಾಪನೆಗೆ ಆದೇಶ ಕೊಟ್ಟಿತು. ಅದು ಬಲವಂತದ ಮುಚ್ಚುವಿಕೆ. ಸ್ವಇಚ್ಛೆಯ ಸಮಾಪನೆ ಹಾಗಲ್ಲ. ಸಾಲ ಪೂರ್ತಿ ತೀರಿಸುವ ಶಕ್ತಿ ಇರುವ ಕಂಪನಿ ಮಾತ್ರ ಈ ದಾರಿ ಹಿಡಿಯಬಹುದು.

ಹಳೆಯ 1956ರ ಕಂಪನಿ ಕಾಯ್ದೆಯಲ್ಲಿ ಮೂರು ದಾರಿ ಇದ್ದವು: ಕೋರ್ಟ್ ಮುಚ್ಚಿಸುವುದು, ತಾವೇ ಮುಚ್ಚುವುದು, ತಾವೇ ಮುಚ್ಚಿದರೂ ಕೋರ್ಟಿನ ಮೇಲ್ವಿಚಾರಣೆಯಲ್ಲಿ ಮುಚ್ಚುವುದು. 2013ರ ಕಾಯ್ದೆಯಲ್ಲಿ ಮೂರನೆಯದು ಬಿಟ್ಟುಹೋಯಿತು. 2017ರ ಏಪ್ರಿಲ್ 1ರಿಂದ ಸ್ವಇಚ್ಛೆಯ ಸಮಾಪನೆ ದಿವಾಳಿ ಸಂಹಿತೆಯ 59ನೇ ಸೆಕ್ಷನ್ ಪ್ರಕಾರ ನಡೆಯುತ್ತಿದೆ. ಹಾಗಂತ ಮೇಲ್ವಿಚಾರಣೆ ಹೋಗಿಲ್ಲ. ಆ ಕೆಲಸ ಈಗ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯದ್ದು, ಅಂದ್ರೆ ಎನ್‌ಸಿಎಲ್‌ಟಿ. ನಮ್ಮ ರಾಜ್ಯಕ್ಕೆ ಅದರ ಪೀಠ ಬೆಂಗಳೂರಿನಲ್ಲಿದೆ.

ಕ್ರಮ ಹೀಗಿದೆ. ಸಾಲ ಇಲ್ಲ, ಅಥವಾ ಇರುವ ಸಾಲ ಪೂರ್ತಿ ತೀರಿಸುತ್ತೇವೆ, ಯಾರಿಗೂ ಮೋಸ ಮಾಡಲು ಮುಚ್ಚುತ್ತಿಲ್ಲ ಅಂತ ಬಹುಪಾಲು ನಿರ್ದೇಶಕರು ಅಫಿಡವಿಟ್ ಕೊಡಬೇಕು. ನಾಲ್ಕು ವಾರದೊಳಗೆ ಷೇರುದಾರರು ವಿಶೇಷ ನಿರ್ಣಯ ಮಾಡಿ ಲಿಕ್ವಿಡೇಟರ್ ಒಬ್ಬರನ್ನು ನೇಮಿಸಬೇಕು. ಸಾಲ ಇದ್ದರೆ, ಮೊತ್ತದ ಲೆಕ್ಕದಲ್ಲಿ ಮೂರನೇ ಎರಡು ಭಾಗದ ಸಾಲಗಾರರು ಏಳು ದಿನದಲ್ಲಿ ಒಪ್ಪಬೇಕು. ಲಿಕ್ವಿಡೇಟರ್ ಐದು ದಿನದೊಳಗೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತಾರೆ.

ನಮ್ಮ ಪಾಲಿಗೆ ಮುಖ್ಯವಾದದ್ದು ಇಲ್ಲಿದೆ. ಸಮಾಪನೆ ಶುರುವಾದ 30 ದಿನದೊಳಗೆ ನಾವು ಕ್ಲೇಮ್ ಸಲ್ಲಿಸಬೇಕು. “ಹೆಚ್‌ಆರ್ ಹತ್ರ ಎಲ್ಲಾ ಲೆಕ್ಕ ಇದೆ” ಅಂತ ಸುಮ್ಮನೆ ಕೂರಬೇಡಿ. ಕ್ಲೇಮ್ ತಿರಸ್ಕಾರವಾದರೆ 14 ದಿನದೊಳಗೆ ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬಹುದು. ಪಿಎಫ್, ಪಿಂಚಣಿ, ಗ್ರಾಚ್ಯುಟಿ ನಿಧಿಯ ಹಣ ಸಾಲಗಾರರಿಗೆ ಹಂಚುವ ಆಸ್ತಿಯಲ್ಲಿ ಸೇರುವುದಿಲ್ಲ.

ಮಧ್ಯದಲ್ಲಿ ಸಾಲ ತೀರಿಸಲು ಹಣ ಸಾಲದು ಅಂತಲೋ, ಇದರಲ್ಲಿ ಮೋಸ ಇದೆ ಅಂತಲೋ ಲಿಕ್ವಿಡೇಟರ್‌ಗೆ ಅನ್ನಿಸಿದರೆ, ಪ್ರಕ್ರಿಯೆ ತಡೆಯಿರಿ ಅಂತ ಅವರು ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಎಲ್ಲ ಮುಗಿದ ಮೇಲೂ ಕಂಪನಿ ತಾನಾಗಿ ಇಲ್ಲವಾಗುವುದಿಲ್ಲ. ವಿಸರ್ಜನೆಯ ಕೊನೆಯ ಆದೇಶ ನ್ಯಾಯಮಂಡಳಿಯೇ ಕೊಡಬೇಕು.

ನನ್ನ ಕ್ಲೇಮ್‌ನಲ್ಲಿ ಪಗಾರ ಒಪ್ಪಿದರು, ರಜೆಯ ದುಡ್ಡಿಗೆ ದಾಖಲೆ ಕೇಳಿದರು. ಅಷ್ಟೊತ್ತಿಗೆ ಹೆಚ್‌ಆರ್ ಪೋರ್ಟಲ್ ಬಂದ್ ಆಗಿತ್ತು. ಯಾವಾಗಲೋ ಫೋನಿನಲ್ಲಿ ತೆಗೆದಿಟ್ಟ ಒಂದು ಸ್ಕ್ರೀನ್‌ಶಾಟ್ ನನ್ನನ್ನು ಉಳಿಸಿತು. ನನ್ನ ಟೀಮಿನ ಹುಡುಗಿಯೊಬ್ಬಳ ಹತ್ತಿರ ಅದೂ ಇರಲಿಲ್ಲ. ಅವಳ ರಜೆಯ ದುಡ್ಡು ಹೋಯಿತು.

ಅದಕ್ಕೇ ಹೇಳೋದು: ನೇಮಕಾತಿ ಪತ್ರ, ಪೇಸ್ಲಿಪ್, ರಜೆಯ ಲೆಕ್ಕ ಇವತ್ತೇ ನಿಮ್ಮ ಸ್ವಂತ ಮೇಲ್‌ಗೆ ಇಳಿಸಿಕೊಳ್ಳಿ. ಲ್ಯಾಪ್‌ಟಾಪ್ ವಾಪಸ್ ಕೊಟ್ಟ ಮೇಲೆ ಆಗಲ್ಲ.

ದುಡ್ಡು ಬಂದ ದಿನ ಅಪ್ಪನಿಗೆ ಹೇಳಿದೆ. “ಕಾಗದ ಇದ್ರ ಪಗಾರ ಅದ ನೋಡಪಾ” ಅಂದ್ರು. ನಾನು ಒಂದು ರಾತ್ರಿಯೆಲ್ಲಾ ಓದಿದ್ದು ಅಷ್ಟೇ.