ಶೆಲ್ಲಿನ ಪದಚ್ಛೇದ

‘ಶಂಕರ ನಾರಾಯಣ ಬಂದರು’ ಎಂದು ಬರೆದರೆ ಬಂದವರು ಒಬ್ಬರೋ, ಇಬ್ಬರೋ? ಕನ್ನಡದಲ್ಲಿ ಗೌರವಕ್ಕೂ ಬಹುವಚನ, ಇಬ್ಬರಿದ್ದರೂ ಬಹುವಚನ. ಊಟಕ್ಕೆ ಎಷ್ಟು ಎಲೆ ಹಾಕೋದು ಅಂತ ನಾವು ಕೇಳಿ ತಿಳಿದುಕೊಳ್ಳುತ್ತೇವೆ. ಕಂಪ್ಯೂಟರಿನ ಶೆಲ್ ಕೇಳುವುದಿಲ್ಲ. ನಡುವೆ ತೆರಪು ಕಂಡರೆ ಸಾಕು, ಎರಡು ಎಲೆ ಹಾಕಿಬಿಡುತ್ತದೆ.

ನಾವು ಟೈಪ್ ಮಾಡಿದ ಆಜ್ಞೆಯನ್ನು ಓದಿ, ಬೇಕಾದ ಪ್ರೋಗ್ರಾಮನ್ನು ಶುರುಮಾಡಿಸುವ ಮಧ್ಯವರ್ತಿಯೇ ಶೆಲ್. ಬೆಲ್ ಲ್ಯಾಬ್ಸಿನ ಸ್ಟೀಫನ್ ಬೋರ್ನ್ ಬರೆದ ಶೆಲ್ 1979ರಲ್ಲಿ ಯುನಿಕ್ಸಿನ ಏಳನೆಯ ಆವೃತ್ತಿಯೊಡನೆ ಬಂತು. ಲಿನಕ್ಸಿನಲ್ಲಿ ನಾವು ಹೆಚ್ಚಾಗಿ ಕಾಣುವ ಬ್ಯಾಷ್ ಅದೇ ಮನೆತನದ್ದು, ಹುಟ್ಟಿದ್ದು 1989ರಲ್ಲಿ. ಪ್ರೋಗ್ರಾಮಿನ ಹೆಸರಾದ ಮೇಲೆ ನಾವು ಬರೆಯುವ ವಿವರಗಳಿಗೆ ಆರ್ಗ್ಯುಮೆಂಟ್ ಅಂತಾರೆ. ಜಗಳ ಅಂತ ತಿಳಿಯಬೇಡಿ!

ಮುಖ್ಯವಾದ ಮಾತು ಇಷ್ಟೆ: ನಾವು ಬರೆದ ಸಾಲು ಇದ್ದ ಹಾಗೇ ಪ್ರೋಗ್ರಾಮಿಗೆ ತಲುಪುವುದಿಲ್ಲ. ಶೆಲ್ ಅದನ್ನು ಮೊದಲೇ ತುಂಡುಮಾಡಿ, ತುಂಡುಗಳ ಪಟ್ಟಿಯನ್ನು ಮಾತ್ರ ಒಪ್ಪಿಸುತ್ತದೆ.

ಒಂದು ಫೋಲ್ಡರಿನಲ್ಲಿ ‘ಮಾರ್ಚ್’, ‘ಲೆಕ್ಕ’, ‘ಮಾರ್ಚ್ ಲೆಕ್ಕ’ ಎಂಬ ಮೂರು ಫೈಲುಗಳಿವೆ ಅನ್ನಿ. ಕೊನೆಯದನ್ನು ತೆಗೆಯಬೇಕು. ಅಳಿಸುವ ಆಜ್ಞೆ ಆರ್‌ಎಂ. (ಅದನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು, ಫೈಲಿನ ಹೆಸರು ಕನ್ನಡದಲ್ಲಿರಬಹುದು.) ಅದರ ಮುಂದೆ ಬರಿದೇ ಮಾರ್ಚ್ ಲೆಕ್ಕ ಎಂದು ಬರೆದರೆ ಮೊದಲಿನ ಎರಡು ಫೈಲು ಹೋಗುತ್ತವೆ, ಹೋಗಬೇಕಾದದ್ದು ಉಳಿಯುತ್ತದೆ! ಆರ್‌ಎಂ ಅಳಿಸಿದ್ದು ಕಸದಬುಟ್ಟಿಗೂ ಹೋಗೋದಿಲ್ಲ. ಹೋಯ್ತು ಅಂದ್ರೆ ಹೋಯ್ತು.

ಇದಕ್ಕಿಂತ ಘೋರವಾದದ್ದು ನಕ್ಷತ್ರದ ಗುರುತು. ಹಳೇ* ಎಂದರೆ ‘ಹಳೇ’ ಎಂದು ಶುರುವಾಗುವ ಫೈಲುಗಳು. ನಡುವೆ ಕೈತಪ್ಪಿ ತೆರಪು ಬಿದ್ದು ಹಳೇ * ಎಂದಾದರೆ, ಒಂಟಿ ನಕ್ಷತ್ರ ಫೋಲ್ಡರಿನ ಫೈಲುಗಳನ್ನೆಲ್ಲ ಕರೆದುಕೊಂಡು ಬರುತ್ತದೆ. ಈ ನಕ್ಷತ್ರವನ್ನು ಹೆಸರುಗಳಾಗಿ ಬಿಡಿಸುವುದೂ ಶೆಲ್ಲೇ. ಆರ್‌ಎಂ ಪಾಪ, ಕೈಗೆ ಬಂದ ಪಟ್ಟಿಯಂತೆ ನಡೆಯುತ್ತದೆ.

ಹಾಗಾದರೆ ಉಪಾಯವೇನು? ಉದ್ಧರಣ ಚಿಹ್ನೆ. "ಮಾರ್ಚ್ ಲೆಕ್ಕ" ಎಂದು ಬರೆದರೆ ಶೆಲ್ ಅದನ್ನು ಒಂದೇ ತುಂಡೆಂದು ಎಣಿಸಿ, ಚಿಹ್ನೆಯನ್ನು ಕಳಚಿ, ಒಳಗಿನದನ್ನು ಮಾತ್ರ ಕೊಡುತ್ತದೆ. ಆದರೆ ಜೋಡಿ ಚಿಹ್ನೆಗೂ ಒಂಟಿ ಚಿಹ್ನೆಗೂ ವ್ಯತ್ಯಾಸವುಂಟು. ಬರೆದದ್ದನ್ನು ಪರದೆಗೆ ತರುವ ಎಕೋ ಆಜ್ಞೆಗೆ "$50" ಎಂದು ಕೊಟ್ಟು ನೋಡಿ. ಬ್ಯಾಷ್‌ನಲ್ಲಿ ಬರುವುದು ಬರೀ 0! ಜೋಡಿ ಚಿಹ್ನೆಯೊಳಗೂ ಡಾಲರ್ ಗುರುತಿಗೆ ವಿಶೇಷ ಅರ್ಥವಿದೆ: $5 ಎಂದರೆ ಐದನೆಯ ಆರ್ಗ್ಯುಮೆಂಟ್, ಅಲ್ಲಿ ಏನೂ ಇಲ್ಲದ್ದರಿಂದ ಸೊನ್ನೆಯಷ್ಟೇ ಉಳಿಯಿತು. '$50' ಎಂದು ಒಂಟಿ ಚಿಹ್ನೆಯಲ್ಲಿಟ್ಟರೆ ಬರೆದದ್ದು ಬರೆದಂತೆಯೇ ಬರುತ್ತದೆ.

ಶೆಲ್ಲಿನಲ್ಲಿ ಸಣ್ಣ ಪ್ರೋಗ್ರಾಮು ಬರೆಯುವ ಮಿತ್ರರು ಇನ್ನೊಂದನ್ನು ನೆನಪಿಡಬೇಕು. ತನಗೆ ಬಂದ ಆರ್ಗ್ಯುಮೆಂಟ್‌ಗಳನ್ನೆಲ್ಲ ಮತ್ತೊಂದು ಪ್ರೋಗ್ರಾಮಿಗೆ ದಾಟಿಸುವಾಗ "$@" ಎಂದು ಜೋಡಿ ಚಿಹ್ನೆಯೊಡನೆಯೇ ಬರೆಯಬೇಕು. ಬಿಟ್ಟರೆ, ಒಂದಾಗಿ ಬಂದ ಶಂಕರ ನಾರಾಯಣರು ಎರಡಾಗಿ ಹೊರಡುತ್ತಾರೆ.

ಚಿಹ್ನೆಯಿಂದಲೂ ಆಗದ ಕೆಲಸ ಒಂದಿದೆ. ಅಡ್ಡಗೆರೆಯಿಂದ ಶುರುವಾಗುವ ಹೆಸರನ್ನು ಕಂಡರೆ ಪ್ರೋಗ್ರಾಮು ಅದನ್ನು ಫೈಲಲ್ಲ, ತನಗಿತ್ತ ಸೂಚನೆ ಎಂದುಕೊಳ್ಳುತ್ತದೆ. ಇದು ಶೆಲ್ಲಿನ ತಪ್ಪಲ್ಲವಾದ್ದರಿಂದ ಉದ್ಧರಣ ಚಿಹ್ನೆಗೆ ಬಗ್ಗದು. ಹೆಸರಿನ ಮುಂಚೆ -- ಎಂದು ಎರಡು ಗೆರೆ ಬರೆದು ತೆರಪು ಬಿಟ್ಟರೆ, ‘ಸೂಚನೆಗಳು ಮುಗಿದವು, ಇನ್ನು ಬರೋದೆಲ್ಲ ಹೆಸರು’ ಎಂದು ಆರ್‌ಎಂನಂಥ ಆಜ್ಞೆಗಳಿಗೆ ತಿಳಿಯುತ್ತದೆ.

ಕಾಮರ್ಸಿನವರು ಅಂತಿಮ ಲೆಕ್ಕಕ್ಕೆ ಮುಂಚೆ ತಾಳೆಪಟ್ಟಿ ಹಾಕುತ್ತೇವಲ್ಲ, ಇಲ್ಲೂ ಹಾಗೇ. ಅಳಿಸುವ ಮೊದಲು ಆರ್‌ಎಂ ಬದಲು, ಹೆಸರುಗಳನ್ನು ತೋರಿಸುವ ಎಲ್‌ಎಸ್ ಆಜ್ಞೆಗೆ ಅವೇ ಆರ್ಗ್ಯುಮೆಂಟ್‌ಗಳನ್ನು ಕೊಟ್ಟು ನೋಡಿ. ಯಾವ ಫೈಲುಗಳು ಪಟ್ಟಿಯಲ್ಲಿ ಬಿದ್ದಿವೆ ಎಂಬುದು ಕಣ್ಣಿಗೆ ಕಾಣುತ್ತದೆ. ತಾಳೆಯಾದ ಮೇಲೆ ಅಳಿಸಿದರಾಯ್ತು, ಅವಸರವೇನಿದೆ?